ಓದುಗರ ವಿಳಾಸ ಯಾರ ಬಳಿ ಇದೆ?

ಕಳೆದ ರಂಜಾನಿನ ಒಂದು ಸಂಜೆ, ಇಫ್ತಾರ್ ಮುಗಿದ ಮೇಲೆ, ನಮ್ಮ ಬೀದಿಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಮನೆಯವರೆಲ್ಲ ಮಲಗಿದ ಮೇಲೆ ಮೊಬೈಲಿನಲ್ಲೇ ಕನ್ನಡ ಧಾರಾವಾಹಿ ಬರೆದು ಅಂತರ್ಜಾಲದಲ್ಲಿ ಹಾಕುತ್ತಾಳೆ. ಸಾವಿರಾರು ಜನ ಓದುತ್ತಾರಂತೆ. ‘ಚಾಚಾ, ಶಾಲೆ ಬಿಟ್ಟು ಬರೀ ಬರೆದೇ ಬದುಕಬಹುದಾ?’ ಎಂದು ಕೇಳಿದಳು.

ನಾವು ತಕ್ಷಣ ಉತ್ತರಿಸಲಿಲ್ಲ. ಇಪ್ಪತ್ತು ವರ್ಷಗಳಿಂದ ಕಥೆ ಬರೆಯುತ್ತಿದ್ದೇವೆ. ಮನೆಗೆ ಅಕ್ಕಿ ಬೇಳೆ ಬಂದದ್ದು ಮಾತ್ರ ತಿಂಗಳ ಸಂಬಳದಿಂದ. ಆದರೆ ನಮ್ಮೊಬ್ಬರ ಅನುಭವ ಅವಳ ಪ್ರಶ್ನೆಗೆ ಸಾಲದು. ಈ ಪ್ರಶ್ನೆ ಮೊಬೈಲಿಗಿಂತ ಬಹಳ ಹಳೆಯದು.

ಮಿರ್ಜಾ ಗಾಲಿಬರನ್ನು ನೋಡಿ. ಅವರ ಉರ್ದು ದೀವಾನ್ 1841ರಲ್ಲೇ ದೆಹಲಿಯಲ್ಲಿ ಅಚ್ಚಾಗಿತ್ತು. ಆದರೂ ಅವರು ನೆಚ್ಚಿಕೊಂಡದ್ದು ಪಿಂಚಣಿಯನ್ನು, ಬಾದಶಹನ ದರ್ಬಾರನ್ನು. 1857ರ ದಂಗೆಯ ನಂತರ ದರ್ಬಾರೇ ಉಳಿಯಲಿಲ್ಲ. 1859ರಿಂದ ರಾಂಪುರದ ನವಾಬರು ಕಳಿಸುತ್ತಿದ್ದ ತಿಂಗಳ ನೂರು ರೂಪಾಯಿ ಅವರ ಕೈ ಹಿಡಿಯಿತು. ಶೇರ್‌ಗಳು ಜನರ ಬಾಯಲ್ಲಿದ್ದವು, ಅನ್ನ ನವಾಬರ ಕೈಯಲ್ಲಿತ್ತು.

ಪತ್ರಿಕೆ ಬಂದ ಮೇಲೆ ಯಜಮಾನ ಬದಲಾದ. ಲಖನೌದಲ್ಲಿ ಮುನ್ಷಿ ನವಲ್ ಕಿಶೋರರ ‘ಅವಧ್ ಅಖ್ಬಾರ್’ ಪತ್ರಿಕೆಯಲ್ಲಿ 1878ರಿಂದ ರತನ್‌ನಾಥ್ ಸರ್ಶಾರರ ‘ಫಸಾನಾ-ಎ-ಆಜಾದ್’ ಕಂತುಕಂತಾಗಿ ಬಂತು. ಮುಂದಿನ ಕಂತಿಗೆ ಜನ ಕಾಯುವಂತಾಯಿತು. ಇಂದು ಮೊಬೈಲಿನಲ್ಲಿ ‘ಮುಂದಿನ ಭಾಗ ಯಾವಾಗ?’ ಎಂದು ಕೇಳುವವರು ಆ ಓದುಗರ ಮೊಮ್ಮಕ್ಕಳೇ. ಆದರೆ ಸರ್ಶಾರರು ಪತ್ರಿಕೆಯ ನೌಕರರು, ಚಂದಾದಾರರು ಛಾಪಖಾನೆಯವರು.

ಗಾಲಿಬ್ ತೀರಿಕೊಂಡ 1869ರಲ್ಲೇ ಕನ್ನಡನಾಡಿನಲ್ಲಿ ವೆಂಕಟೇಶ ತಿರಕೋ ಕುಲಕರ್ಣಿ ಹುಟ್ಟಿದರು. ಗಳಗನಾಥರೆಂದರೆ ಎಲ್ಲರಿಗೂ ಗೊತ್ತು. ಶಾಲಾ ಮಾಸ್ತರರಾಗಿದ್ದ ಅವರು ಕಾದಂಬರಿ ಬರೆದರು, ‘ಸದ್ಬೋಧ ಚಂದ್ರಿಕೆ’ ನಡೆಸಿದರು. ಅಷ್ಟಕ್ಕೇ ನಿಲ್ಲದೆ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಪುಸ್ತಕ ಕೊಳ್ಳುವ ರೂಢಿಯೇ ಇಲ್ಲದ ಕಾಲದಲ್ಲಿ ಓದುಗನ ಮನೆಯ ಬಾಗಿಲು ತಟ್ಟಿದವರು ಅವರು. ಸಿರಿವಂತರಾಗಲಿಲ್ಲ, ನಿಜ. ಆದರೆ ತನ್ನ ಪುಸ್ತಕ ಯಾವ ಊರಲ್ಲಿ ಯಾರ ಕೈ ಸೇರಿತೆಂದು ಅವರಿಗೆ ಗೊತ್ತಿತ್ತು. ನಡುವೆ ನವಾಬರೂ ಇರಲಿಲ್ಲ, ಮಾಲೀಕನೂ ಇರಲಿಲ್ಲ.

ಬರವಣಿಗೆಯಿಂದಲೇ ಬದುಕಿದವರೂ ಇದ್ದಾರೆ. 1952ರಲ್ಲಿ ಅಲಹಾಬಾದಿನಲ್ಲಿ ‘ಜಾಸೂಸಿ ದುನಿಯಾ’ ಆರಂಭವಾಯಿತು. ಅದನ್ನು ಬರೆದವರು ಇಬ್ನೆ ಸಫಿ, ಅಂದರೆ ಅಸ್ರಾರ್ ಅಹ್ಮದ್. ಅದೇ ವರ್ಷ ಅವರು ಕರಾಚಿಗೆ ಹೋದರು. ದೇಶ ಎರಡಾದರೂ ಓದುಗರು ಎರಡೂ ಕಡೆ ಉಳಿದರು. 1955ರಲ್ಲಿ ‘ಇಮ್ರಾನ್ ಸೀರೀಸ್’ ಶುರುವಾಯಿತು. ಕರಾಚಿಯಲ್ಲಿ ಅವರು ತಮ್ಮದೇ ಪ್ರಕಾಶನ ಕಟ್ಟಿದರು. ಕಾದಂಬರಿಗಳ ಮುನ್ನುಡಿಯಲ್ಲಿ ಓದುಗರ ಪತ್ರಗಳಿಗೆ ಉತ್ತರ ಕೊಡುತ್ತಿದ್ದರು. 1960ರಿಂದ ಮೂರು ವರ್ಷ ಕಾಯಿಲೆ ಬಿದ್ದಾಗ ಅವರದೇ ಹೆಸರನ್ನು ಹೋಲುವ ನಕಲಿ ಲೇಖಕರು ಹುಟ್ಟಿಕೊಂಡರು. 1963ರಲ್ಲಿ ‘ಡೇಢ್ ಮತ್‌ವಾಲೆ’ಯೊಂದಿಗೆ ಅವರು ಮರಳಿದಾಗ ಓದುಗರು ಮುಗಿಬಿದ್ದರು. ಯಾರು ಅಸಲಿ ಎಂಬುದು ಓದುಗರಿಗೆ ತಿಳಿದಿತ್ತು.

ಉರ್ದು ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ನಾವೂ ಇಮ್ರಾನನ ಹಿಂದೆ ಓಡಿದವರೇ. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಹರಿದ ಪುಸ್ತಕಗಳು ದಿನದ ಬಾಡಿಗೆಗೆ ಸಿಗುತ್ತಿದ್ದವು. ಒಂದು ಪ್ರತಿಯನ್ನು ನೂರು ಹುಡುಗರು ಓದುತ್ತಿದ್ದರು. ಆ ಬಾಡಿಗೆಯಲ್ಲಿ ಒಂದು ಪೈಸೆಯೂ ಲೇಖಕನ ಮನೆಗೆ ಹೋಗುವುದಿಲ್ಲ ಎಂಬುದು ಆಗ ಹೊಳೆದಿರಲಿಲ್ಲ.

ಕನ್ನಡದಲ್ಲಿ ಪಿ. ಲಂಕೇಶರು 1980ರಲ್ಲಿ ಜಾಹೀರಾತಿಲ್ಲದ ವಾರಪತ್ರಿಕೆ ಮಾಡಿ, ಓದುಗರ ದುಡ್ಡಿನಿಂದಲೇ ಅದನ್ನು ನಡೆಸಿ ತೋರಿಸಿದರು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದುಗರನ್ನು ಕಂಡದ್ದು ಆ ಪತ್ರಿಕೆಯಲ್ಲೇ. ಸಾರಾ ಮುಂದೆ 1994ರಲ್ಲಿ ಚಂದ್ರಗಿರಿ ಪ್ರಕಾಶನ ಸ್ಥಾಪಿಸಿ ತಮ್ಮ ಪುಸ್ತಕಗಳನ್ನು ತಾವೇ ತಂದರು. ಅದೇ ಪತ್ರಿಕೆಯಲ್ಲಿ ವರದಿಗಾರರಾಗಿದ್ದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. 50,000 ಪೌಂಡುಗಳಲ್ಲಿ ಅರ್ಧ ಅವರಿಗೆ, ಅರ್ಧ ಅನುವಾದಕಿ ದೀಪಾ ಭಾಸ್ತಿ ಅವರಿಗೆ. ಆದರೆ ಬಾನು ಅವರ ವೃತ್ತಿ ವಕೀಲಿಕೆ.

ಅಂತರ್ಜಾಲಕ್ಕೆ ಕನ್ನಡ ಬಂದದ್ದೂ ಹೀಗೆ, ಬೇರೆ ದುಡಿಮೆಯವರ ಬಿಡುವಿನ ವೇಳೆಯಲ್ಲಿ. 1996ರಲ್ಲಿ ಯು.ಬಿ. ಪವನಜರ ‘ವಿಶ್ವ ಕನ್ನಡ’, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ, 2005ರಲ್ಲಿ ‘ಸಂಪದ’. ಒಂದು ಕಂಪ್ಯೂಟರಿನಲ್ಲಿ ಬರೆದದ್ದು ಇನ್ನೊಂದರಲ್ಲಿ ಚೌಕ ಚೌಕವಾಗಿ ಕಾಣುತ್ತಿದ್ದ ಕಾಲ ದಾಟಿ ಯೂನಿಕೋಡ್ ಬಂತು. ಸಂಪಾದಕರ ಒಪ್ಪಿಗೆಗೆ ಕಾಯದೆ ಯಾರು ಬೇಕಾದರೂ ಬರೆಯುವಂತಾಯಿತು. ನಮ್ಮ ಸಮುದಾಯದ ಎಷ್ಟೋ ಹೆಣ್ಣುಮಕ್ಕಳಿಗೆ ಇದು ದೊಡ್ಡ ಬಿಡುಗಡೆ. ಹೊಸ್ತಿಲು ದಾಟದೆಯೇ ಊರು ದಾಟಿದರು.

ದುಡ್ಡು ನಿಧಾನವಾಗಿ ಬಂತು. ಗೂಗಲ್‌ನ ಜಾಹೀರಾತು ಹಂಚಿಕೆ ಹಿಂದಿ ಪುಟಗಳಿಗೆ ಸಿಕ್ಕಿದ್ದೇ 2014ರ ಕೊನೆಗೆ. ಅದೇ ವರ್ಷ ಬೆಂಗಳೂರಿನಲ್ಲಿ ‘ಪ್ರತಿಲಿಪಿ’ ಹುಟ್ಟಿತು. ಧಾರಾವಾಹಿಗೆ ಓದುಗರೇ ಹಣ ಕೊಡುವ ಏರ್ಪಾಡು ಅಲ್ಲಿ ಮುಂದೆ ಬಂತು. 2020ರಲ್ಲಿ ‘ಮೈಲ್ಯಾಂಗ್’ ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳ ಮಾರಾಟಕ್ಕಿಳಿಯಿತು. ಇವು ಒಳ್ಳೆಯ ಬಾಗಿಲುಗಳೇ. ಆದರೆ ಬಾಗಿಲಿನ ಕೀಲಿ ಇರುವುದು ಕಂಪನಿಯ ಬಳಿ. 2014ರಲ್ಲಿ ಆರ್ಕುಟ್ ಮುಚ್ಚಿತು, 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಅಲ್ಲಿ ಕಟ್ಟಿಕೊಂಡಿದ್ದ ಬಳಗಗಳು ಚದುರಿಹೋದವು. ಯಾರ ವಿಳಾಸವೂ ಕೈಯಲ್ಲಿ ಉಳಿಯಲಿಲ್ಲ. ನಮ್ಮದೇ ಒಂದು ಕಥೆ ಹೆಸರಿಲ್ಲದೆ ವಾಟ್ಸಾಪಿನಲ್ಲಿ ತಿರುಗಿ ತಿರುಗಿ ಕೊನೆಗೆ ನಮಗೇ ಬಂತು. ‘ಎಷ್ಟು ಚೆನ್ನಾಗಿದೆ, ಓದಿ’ ಎಂದು ಕಳಿಸಿದವರು ನಮ್ಮ ಬೀಗರು! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಈ ಚರಿತ್ರೆಯಿಂದ ನಮಗೆ ಕಾಣುವುದು ಇಷ್ಟು: ಓದುಗರು ಸಿಗುವುದು ಒಂದು ಕೆಲಸ, ಓದುಗರಿಂದ ಅನ್ನ ಸಿಗುವುದು ಇನ್ನೊಂದು ಕೆಲಸ. ಓದುಗನ ವಿಳಾಸ ನವಾಬನ ಬಳಿಯೋ, ಛಾಪಖಾನೆಯ ಬಳಿಯೋ, ಕಂಪನಿಯ ಬಳಿಯೋ ಇದ್ದಷ್ಟು ಕಾಲ ಲೇಖಕ ಅವರ ಹಂಗಿನಲ್ಲೇ ಇರುತ್ತಾನೆ. ವಿಳಾಸ ತನ್ನ ಬಳಿ ಇದ್ದವನು ಶ್ರೀಮಂತನಾಗದಿದ್ದರೂ ಅನಾಥನಾಗುವುದಿಲ್ಲ.

ಅವಳಿಗೆ ಹೇಳಿದೆವು: ‘ಬೇಟಿ, ಸದ್ಯಕ್ಕೆ ಶಾಲೆ ಬಿಡಬೇಡ. ಬರೆದದ್ದೆಲ್ಲ ನಿನ್ನ ಬಳಿಯೂ ಒಂದು ಪ್ರತಿ ಇರಲಿ. ಒಪ್ಪಂದದಲ್ಲಿ ಕಥೆಯ ಹಕ್ಕು ಯಾರದೆಂದು ಓದು. ಪುಸ್ತಕ ಮಾಡಿದರೆ ಕೊಳ್ಳುವವರು ಯಾರೆಂದು ಓದುಗರನ್ನೇ ಕೇಳು, ಒಪ್ಪಿದವರ ಹೆಸರು ಬರೆದಿಟ್ಟುಕೋ.’

ಬಕ್ರೀದ್‌ಗೆ ಮತ್ತೆ ಬಂದಳು. ಸಾವಿರಾರು ಓದುಗರಲ್ಲಿ ಹೆಸರು ಕೊಟ್ಟವರು ನಲವತ್ತೊಂದು ಮಂದಿ. ‘ಇಷ್ಟೇನಾ ಚಾಚಾ?’ ಎಂದು ಮುಖ ಸಣ್ಣದು ಮಾಡಿದಳು. ಅವಳ ನೋಟ್‌ಬುಕ್ಕಿನಲ್ಲಿ ಬೀದರ್‌ನಿಂದ ಭಟ್ಕಳದವರೆಗೆ ಊರುಗಳ ಹೆಸರಿದ್ದವು. ನಮ್ಮ ಮೊದಲ ಸಂಕಲನದ ಕಟ್ಟುಗಳು ಇನ್ನೂ ಅಟ್ಟದ ಮೇಲಿವೆ. ಅದನ್ನು ಕೊಂಡವರಲ್ಲಿ ನಲವತ್ತೊಂದು ಜನರ ಹೆಸರು ನಮಗೆ ಇಂದಿಗೂ ಗೊತ್ತಿಲ್ಲ. ಆ ಮಾತನ್ನು ಅವಳಿಗೆ ಹೇಳಿ, ಆ ನೋಟ್‌ಬುಕ್ಕನ್ನು ಜೋಪಾನವಾಗಿಡು ಎಂದೆವು.