ಬಿಟ್ಟಿ ವಂಶಾವಳಿಯ ಬೆಲೆ: ಹೆಳವರ ಪುಸ್ತಕದಿಂದ ಅಂತರ್ಜಾಲದವರೆಗೆ

ನಾನು ಜತ್ತ ತಾಲೂಕಿನ ಕಡೆಯವನು. ಹಾಗಾಗಿ ಮಾತನ್ನು ನಮ್ಮ ಮನೆಯ ಕಟ್ಟೆಯಿಂದಲೇ ಶುರು ಮಾಡ್ತೀನಿ. ಸುಗ್ಗಿ ಮುಗಿದ ಮೇಲೆ ಹೆಳವರು ಬಂದು ಕಟ್ಟೆಯ ಮೇಲೆ ಕೂತು, ಏಳೆಂಟು ತಲೆಮಾರಿನ ಹೆಸರು ಹೇಳ್ತಿದ್ದರು. ಅಜ್ಜಿ ಮೊರದ ತುಂಬ ಜೋಳ ತಂದು ಸುರುವುತ್ತಿದ್ದಳು. ಒಮ್ಮೆ ನಾನು "ಹೆಸರು ಹೇಳಿದ್ದಕ್ಕ ಇಷ್ಟ್ಯಾಕ ಕೊಡಬೇಕು?" ಅಂತ ಕೇಳಿದ್ದೆ. "ನಮ್ಮ ಹಿರ್‍ಯಾರನ್ನ ಹೊತ್ತು ತಿರಗ್ಯಾನಪ್ಪ ಅಂವಾ" ಅಂದಳು. ಇವತ್ತಿನ ವಿಷಯ ಆ ಉತ್ತರದಲ್ಲೇ ಇದೆ.

ಥರ್ಸ್ಟನ್ ಮತ್ತು ರಂಗಾಚಾರಿ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಹೆಳವರ ವಿವರ ಬರುತ್ತದೆ. ಬಳ್ಳಾರಿ, ಮೈಸೂರು ಸೀಮೆಗಳಲ್ಲಿ ಕಾಲಿಗೆ ಕಂಬಳಿ ಮುಚ್ಚಿಕೊಂಡು, ಎತ್ತಿನ ಮೇಲೆ ಕೂತು ಬಂದು, ಮನೆಮನೆಗೆ ಹೋಗಿ ಮನೆತನದ ಚರಿತ್ರೆ ಹೇಳುವವರು ಎಂದು ಅಲ್ಲಿದೆ. ಆಗಿನ ಬಳ್ಳಾರಿ ಜಿಲ್ಲೆ ಅಂದ್ರೆ ಆದೋನಿ, ಆಲೂರು, ರಾಯದುರ್ಗವೂ ಸೇರಿದ ಜಿಲ್ಲೆ. 1953ರಲ್ಲಿ ಈ ಮೂರು ತಾಲೂಕು ಆಂಧ್ರಕ್ಕೆ ಹೋದವು. ಗಡಿ ಬದಲಾಯ್ತು, ವಂಶಾವಳಿ ಬದಲಾಗಲಿಲ್ಲ.

ಈಗ ವಂಶವೃಕ್ಷ ಕಟ್ಟೋಕೆ ಫ್ಯಾಮಿಲಿಸರ್ಚ್, ವಿಕಿಟ್ರೀ ತರಹದ ತಾಣಗಳಿವೆ. ಬಳಸುವವರು ಒಂದು ಪೈಸೆ ಕೊಡಬೇಕಿಲ್ಲ. ಆದರೆ ಅದು ಯಾರಿಗೂ ಖರ್ಚಿಲ್ಲದೆ ಆಗಿದ್ದಲ್ಲ. ಫ್ಯಾಮಿಲಿಸರ್ಚಿನ ಹಿಂದಿನ ಸಂಸ್ಥೆ 1894ರಲ್ಲಿ ಅಮೆರಿಕದ ಯೂಟಾದಲ್ಲಿ ಶುರುವಾಯ್ತು. 1938ರಿಂದ ದಾಖಲೆಗಳ ಮೈಕ್ರೋಫಿಲ್ಮ್ ತೆಗೆಯಿತು. ಸುಮಾರು 24 ಲಕ್ಷ ಸುರುಳಿಗಳನ್ನು ಡಿಜಿಟಲ್ ಮಾಡುವ ಕೆಲಸ ಮುಗಿದದ್ದು 2021ರಲ್ಲಿ. ಹಣ ಒಂದು ಚರ್ಚಿನದು, ದುಡಿಮೆಯಲ್ಲಿ ದೊಡ್ಡ ಪಾಲು ಸ್ವಯಂಸೇವಕರದು. ಅಮೆರಿಕದ 1940ರ ಜನಗಣತಿಯ ಸುಮಾರು 13.2 ಕೋಟಿ ಹೆಸರುಗಳಿಗೆ 2012ರಲ್ಲಿ ಕೆಲವೇ ತಿಂಗಳಲ್ಲಿ ಸೂಚಿ ತಯಾರಾಯ್ತು. ಕೂತು ಓದಿ ಬರೆದವರು ಸಂಬಳವಿಲ್ಲದ ಜನ. ಕನ್ನಡದಲ್ಲಿ 'ಬಿಟ್ಟಿ' ಅನ್ನೋ ಮಾತಿಗೆ ಎರಡು ಮುಖ ಇವೆಯಲ್ಲ: ಪಡೆದವನಿಗೆ ಪುಕ್ಕಟೆ, ಮಾಡಿದವನಿಗೆ ಕೂಲಿಯಿಲ್ಲದ ಕೆಲಸ.

ನಮ್ಮ ಗಡಿಸೀಮೆಯಲ್ಲಿ ಇನ್ನೂ ಮೂರು ಬಗೆಯ ಖರ್ಚು ಇದೆ.

ಮೊದಲನೆಯದು ಓದಿನ ಖರ್ಚು. ಜತ್ತ, ಅಕ್ಕಲಕೋಟೆಗಳು ಹಿಂದೆ ಮರಾಠಿ ಸಂಸ್ಥಾನಗಳು. ಅಲ್ಲಿನ ಹಳೆಯ ಕಾಗದ ಮೋಡಿಯಲ್ಲಿದೆ, ಮನೆಮಾತು ಕನ್ನಡ. ರಾಯದುರ್ಗದ ಕಡೆ ಅದೇ ಕನ್ನಡ ಹೆಸರನ್ನು ತೆಲುಗಿನಲ್ಲಿ ಬರೆದು, ಮನೆತನದ ಹೆಸರನ್ನು ಮುಂದಕ್ಕೆ ಹಾಕ್ತಾರೆ. ಇದು ಗೊತ್ತಿಲ್ಲದವರು ತುಂಬಿದರೆ ಒಬ್ಬನೇ ಮನುಷ್ಯ ಇಬ್ಬರಾಗ್ತಾನೆ.

ಎರಡನೆಯದು ನಮೂನೆಯ ಖರ್ಚು. ಕಾಸರಗೋಡಿನ ಅಳಿಯಸಂತಾನದ ಮನೆಗಳಲ್ಲಿ ಬಳಿ ಬರೋದು ತಾಯಿಯಿಂದ; ಹಿಂದೆ ಮನೆಯ ಯಜಮಾನಿಕೆ ಮಾವನಿಂದ ಅಳಿಯನಿಗೆ ಹೋಗ್ತಿತ್ತು. ಕೇರಳದ 1975ರ ಕಾಯಿದೆ ಕೂಡುಕುಟುಂಬ ಪದ್ಧತಿಯನ್ನು ರದ್ದು ಮಾಡಿತು, ಬಳಿಯ ನೆನಪನ್ನಲ್ಲ. ಅಪ್ಪ-ಮಗ ಎಂಬ ಸಾಲಿನಲ್ಲಷ್ಟೇ ಬರೆದುಕೊಂಡು ಹೋದರೆ ಸೋದರಮಾವ ಪಕ್ಕದ ಕೊಂಬೆಯಾಗಿ ಉಳೀತಾನೆ, ಆ ಮನೆಯ ಚರಿತ್ರೆಯೇ ತಲೆಕೆಳಗಾಗುತ್ತದೆ.

ಮೂರನೆಯದು ಮಾನದ ಖರ್ಚು. ವಂಶಾವಳಿ ಅಂದ್ಮೇಲೆ ದತ್ತು, ಉಡಿಕೆ, ಊರು ಬಿಟ್ಟು ಹೋದವರು, ಆಸ್ತಿ ಜಗಳ ಎಲ್ಲ ಬರುತ್ತೆ. ಎದುರಿಗೆ ಕೂತು ಹೇಳುವವನಿಗೆ ಯಾರ ಮುಂದೆ ಯಾವುದನ್ನು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅಂದಾಜು ಇರುತ್ತದೆ. ಮೊಬೈಲಿನಲ್ಲಿ ತೆಗೆದ ಪುಟಕ್ಕೆ ಅದು ಇರಲ್ಲ. ಅದರಲ್ಲಿ ಜಾತಿಯೂ ಇದೆ, ಬದುಕಿರುವವರ ಹೆಸರೂ ಇದೆ. ಒಮ್ಮೆ ಹೊರಗೆ ಬಿದ್ದ ಮೇಲೆ ವಾಪಸು ತಗೊಳ್ಳೋಕಾಗಲ್ಲ.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಎಂ.ಎ. ಓದುವಾಗ ಒಬ್ಬ ಹಿರಿಯ ಹೆಳವರ ಪುಸ್ತಕದ ನಲವತ್ತು ಪುಟ ಫೋಟೋ ತೆಗೆದುಕೊಂಡೆ. ಚಹಾ ಕುಡಿಸಿದೆ, ಅಷ್ಟೇ. ಮುಂದಿನ ಸಲ ಅವರು ಬಂದಾಗ ನಮ್ಮ ಓಣಿಯ ಹುಡುಗರು "ನಮ್ಮ ಫೋನಿನಾಗೇ ಐತಿ" ಅಂದರು. ಜೋಳ ಸಿಗಲಿಲ್ಲ. ಪುಟಗಳು ಉಳಿದವು ಅಂತ ನಾನು ಸಂಶೋಧನೆಯ ಹೆಸರಲ್ಲಿ ಹೆಮ್ಮೆಪಡ್ತಿದ್ದೆ; ಮುಂದಿನ ಹೆಸರು ಸೇರಿಸೋ ಕೈಯನ್ನೇ ನಾನು ಬರಿದು ಮಾಡಿದ್ದೆ.

ಹಾಗಾದ್ರೆ ಡಿಜಿಟಲ್ ಬೇಡವೇ? ಬೇಕು. ಗೆದ್ದಲು ಯಾರನ್ನೂ ಕಾಯಲ್ಲ. ಆದರೆ ಹೊಣೆ ಹಂಚಿಕೊಳ್ಳೋಣ. ಪುಸ್ತಕ ಇಟ್ಟುಕೊಂಡವರಿಗೆ ಗೌರವಧನ ಕೊಡಬೇಕು, ಪ್ರತಿ ಪುಟದ ಜೊತೆ ಅವರ ಹೆಸರು ಹಾಕಲೋ ಬೇಡವೋ ಎಂದು ಅವರನ್ನೇ ಕೇಳಬೇಕು. ಬದುಕಿರುವವರ ವಿವರ ಮುಚ್ಚಿಡಬೇಕು. ಊರಿನ ಹೆಸರಿನ ಜೊತೆ ಆ ಕಾಲದ ಜಿಲ್ಲೆ, ಸಂಸ್ಥಾನ ಬರೆಯಬೇಕು. 1920ರ ರಾಯದುರ್ಗಕ್ಕೆ 'ಆಂಧ್ರಪ್ರದೇಶ' ಅಂತ ಹಾಕಬಾರದು. ಮೋಡಿ, ತೆಲುಗು, ಮಲಯಾಳಂ ಬಲ್ಲ ನಮ್ಮ ವಿದ್ಯಾರ್ಥಿಗಳು ವಾರಕ್ಕೆ ಒಂದು ತಾಸು ಓದಿಕೊಟ್ಟರೂ ಬಹಳ ಕೆಲಸವಾಗುತ್ತದೆ.

ಅಜ್ಜಿ ಕೊಟ್ಟಿದ್ದು ಭಿಕ್ಷೆ ಅಲ್ಲ, ತನ್ನ ಪಾಲು. ನಮ್ಮ ಪಾಲು ಎಷ್ಟು ಅಂತ ಈಗ ಚರ್ಚೆ ಮಾಡೋಣ.