ಮನೆಯ ಕಾಗದಗಳೂ ನಾಡಿನ ಚರಿತ್ರೆಯೂ

ಚರಿತ್ರೆಯನ್ನು ಬರೆಯತಕ್ಕವರು ಶಿಲಾಶಾಸನ, ತಾಮ್ರಶಾಸನಗಳನ್ನು ಪ್ರಧಾನ ಪ್ರಮಾಣಗಳೆಂದು ಪರಿಗ್ರಹಿಸುವುದು ರೂಢಿ. ಶಾಸನವು ಪ್ರಭುವಿನ ಮಾತು; ಮುಂದಿನವರು ಓದಲೆಂದೇ ಕೆತ್ತಿಸಿದುದು. ಕಾಗದವಾದರೋ ಒಬ್ಬರು ಮತ್ತೊಬ್ಬರಿಗೆ ಆ ದಿನದ ಅಗತ್ಯಕ್ಕಾಗಿ ಬರೆದುದು. ಮೂರನೆಯವನು ಓದುವನೆಂಬ ಶಂಕೆಯಿಲ್ಲದೆ ಹುಟ್ಟಿದುದರಿಂದಲೇ ಅದರ ಸಾಕ್ಷ್ಯಕ್ಕೆ ವಿಶೇಷವಾದ ಬೆಲೆಯುಂಟು.

ಇದಕ್ಕೆ ಶೃಂಗೇರಿಯ ಪತ್ರಗಳೇ ಉತ್ತಮ ನಿದರ್ಶನ. ಕ್ರಿ.ಶ. ೧೭೯೧ರಲ್ಲಿ ಮರಾಠ ಸೈನ್ಯದ ಒಂದು ತಂಡವು ಶೃಂಗೇರಿಯನ್ನು ಸೂರೆಗೊಂಡಿತು. ಶಾರದಾದೇವಿಯ ಮೂರ್ತಿಯು ಸ್ಥಾನಭ್ರಷ್ಟವಾಯಿತು. ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಅವರು ಟೀಪೂ ಸುಲ್ತಾನನಿಗೆ ಪತ್ರವನ್ನು ಬರೆಯಲು, ಪುನಃಪ್ರತಿಷ್ಠೆಯ ವೆಚ್ಚಕ್ಕಾಗಿ ೨೦೦ ರಾಹತಿಗಳನ್ನು ಕೊಡಬೇಕೆಂದು ನಗರದ ಅಸಫನಿಗೆ ಸುಲ್ತಾನನು ಅಪ್ಪಣೆಮಾಡಿದನು. ಸ್ವಾಮಿಗಳನ್ನು ಜಗದ್ಗುರುಗಳೆಂದು ಸಂಬೋಧಿಸಿ ಆತನು ಕನ್ನಡದಲ್ಲಿ ಬರೆಯಿಸಿದ ಸುಮಾರು ೩೦ ಪತ್ರಗಳು ಮಠದಲ್ಲಿ ಉಳಿದುವು. ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು ೧೯೧೬ರಲ್ಲಿ ಅವನ್ನು ಬೆಳಕಿಗೆ ತಂದರು. ಸುಲ್ತಾನನ ನಡತೆಯ ವಿಷಯದಲ್ಲಿ ಇಂದಿಗೂ ಭಿನ್ನಾಭಿಪ್ರಾಯಗಳುಂಟು. ಆದರೆ ಯಾವ ಪಕ್ಷದವರೇ ಆಗಲಿ, ಈ ಪತ್ರಗಳನ್ನು ಬದಿಗಿಟ್ಟು ವಾದಿಸುವಂತಿಲ್ಲ. ನೂರು ವರ್ಷಗಳಿಗೂ ಮಿಕ್ಕಿ ಯಾರೋ ಅವನ್ನು ಜೋಪಾನಮಾಡಿದುದರ ಫಲವಿದು.

ಹಿಂದೆ ಮಠಗಳೂ ವರ್ತಕರೂ ಲೆಕ್ಕಪತ್ರಗಳಿಗೆ ಕಡತಗಳನ್ನು ಬಳಸುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಮಾಡಿ, ಕಪ್ಪಾದ ಮೈಯ ಮೇಲೆ ಬಳಪದಿಂದ ಬರೆಯುವುದು ಅದರ ಕ್ರಮ. ಒದ್ದೆಬಟ್ಟೆಯಿಂದ ಒರೆಸಿದರೆ ಅಳಿಸಿಹೋಗತಕ್ಕ ಬರೆಹವದು. ಆದರೂ ಎಷ್ಟೋ ಕಡತಗಳು ಶತಮಾನಗಳನ್ನು ದಾಟಿ ಬಂದಿವೆ. ಬರೆಹದ ಆಯುಸ್ಸು ಬರೆದ ವಸ್ತುವಿನಲ್ಲಿರುವುದಕ್ಕಿಂತ ಕಾಪಾಡುವವನ ಶ್ರದ್ಧೆಯಲ್ಲಿದೆ ಎಂಬುದು ಇದರಿಂದ ಸ್ಪಷ್ಟ.

ಸಾಮಾನ್ಯ ಗೃಹಸ್ಥರ ಕೈಗೆ ಪತ್ರವ್ಯವಹಾರವು ಬಂದುದು ಬಹಳ ತಡವಾಗಿ. ಚಿಕ್ಕದೇವರಾಜ ಒಡೆಯರು (೧೬೭೩–೧೭೦೪) ಏರ್ಪಡಿಸಿದ ಅಂಚೆಯು ಮೊದಲು ರಾಜಕಾರ್ಯಕ್ಕಾಗಿದ್ದಿತು; ಮೈಸೂರಿನ ಆ ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು. ೧೮೭೯ನೆಯ ಜುಲೈ ೧ರಂದು ಕಾಲಾಣೆಯ ಕಾರ್ಡು ಹೊರಟಿತು. ಅಲ್ಲಿಂದ ಮುಂದೆ ಬಡವನ ಮನೆಯ ಕ್ಷೇಮಸಮಾಚಾರವೂ ಊರಿಂದೂರಿಗೆ ನಡೆಯಿತು. ಮಳೆಬೆಳೆ, ಬತ್ತದ ಧಾರಣೆ, ಪ್ಲೇಗಿಗೆ ಹೆದರಿ ಊರು ಬಿಟ್ಟುದು, ಮಗಳ ಬಾಣಂತನ, ಮಗನ ಪರೀಕ್ಷೆ: ಯಾವ ಶಾಸನದಲ್ಲಿಯೂ ಕಾಣದ ಸಂಗತಿಗಳು ಆ ಅಂಗೈಯಗಲದಲ್ಲಿ ಅಡಕವಾದುವು. ‘ತೀರ್ಥರೂಪು’, ‘ಮಾತೃಶ್ರೀ’, ‘ಚಿರಂಜೀವಿ’ ಎಂಬ ಸಂಬೋಧನೆಗಳೂ ‘ಉಭಯಕುಶಲೋಪರಿ ಸಾಂಪ್ರತ’ ಎಂಬ ಪೀಠಿಕೆಯೂ ಒಂದು ಕಾಲದ ಕುಟುಂಬಧರ್ಮವನ್ನೇ ಹೇಳುತ್ತವೆ.

ಇಂಥ ಕಾಗದಗಳನ್ನು ಓದುವುದಕ್ಕೂ ಶಾಸ್ತ್ರವುಂಟು. ಹಳಬರು ಸಂವತ್ಸರ, ಮಾಸ, ತಿಥಿಗಳನ್ನು ಮಾತ್ರ ಬರೆಯುತ್ತಿದ್ದರು. ಸಂವತ್ಸರವು ೬೦ ವರ್ಷಗಳಿಗೊಮ್ಮೆ ಮರಳುವುದರಿಂದ, ‘ಪ್ರಮಾಥಿ’ ಎಂದಿದ್ದರೆ ೧೮೭೯ನೆಯ ವರ್ಷವೂ ಆಗಬಹುದು, ೧೯೩೯ನೆಯದೂ ಆಗಬಹುದು. ಆಗ ಸಂಶಯವನ್ನು ಪರಿಹರಿಸುವುದು ಮರುಬದಿಯ ಅಂಚೆಯ ಮೊಹರು ಮತ್ತು ದೊರೆಯ ಮುಖಮುದ್ರೆ. ಆದುದರಿಂದ ಬರೆಹವಿರುವ ಬದಿಯನ್ನು ಮಾತ್ರ ಪ್ರತಿಮಾಡಿಟ್ಟರೆ ಅರ್ಧ ಸಾಕ್ಷ್ಯವು ನಷ್ಟವಾದಂತೆಯೇ. ಇನ್ನೊಂದು ಸೂಕ್ಷ್ಮವುಂಟು. ಅರಿಸಿನ ಹಚ್ಚಿದ ಲಗ್ನಪತ್ರಿಕೆಗಳನ್ನು ಜನರು ಪೆಟ್ಟಿಗೆಯಲ್ಲಿಟ್ಟರು. ಮರಣವಾರ್ತೆಯ ಕಾರ್ಡನ್ನು ಓದಿದೊಡನೆಯೇ ಹರಿದುಹಾಕುವ ಪದ್ಧತಿಯಿತ್ತು. ಆದಕಾರಣ ಉಳಿದಿರುವ ಕಂತೆಗಳಲ್ಲಿ ಶುಭವೇ ಹೆಚ್ಚು. ದುಃಖವನ್ನು ಹಿರಿಯರ ನೆನಪಿನಿಂದಲೇ ತುಂಬಿಕೊಳ್ಳಬೇಕು.

ಮನೆಯವರು ಕಾಪಾಡದಿದ್ದರೆ ಏನಾಗುವುದೆಂಬುದಕ್ಕೆ ಮೊದಲನೆಯ ಮಹಾಯುದ್ಧವು ಸಾಕ್ಷಿ. ೧೯೧೪ರಲ್ಲಿ ಫ್ರಾನ್ಸಿಗೆ ಹೋದ ಭಾರತದ ಸಿಪಾಯಿಗಳು ಬರೆದ ಸಹಸ್ರಾರು ಕಾಗದಗಳಲ್ಲಿ ಮೂಲಗಳು ಬಹುಮಟ್ಟಿಗೆ ಕಾಣೆಯಾದುವು. ಇಂದು ವಿದ್ವಾಂಸರು ಓದುತ್ತಿರುವುದು ಸೇನೆಯ ಪತ್ರಪರೀಕ್ಷಕರು ಅನುಮಾನದಿಂದ ಇಂಗ್ಲೀಷಿಗೆ ತರ್ಜುಮೆಮಾಡಿಸಿಟ್ಟ ತುಣುಕುಗಳನ್ನು. ಅವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ತಾಯಿಗೆ ಬರೆದುದು ತಾಯಿಯ ಮನೆಯಲ್ಲಿ ಉಳಿಯದೆ, ಕಾವಲುಗಾರನ ಕಪಾಟಿನಲ್ಲಿ ಪರಭಾಷೆಯಲ್ಲಿ ಉಳಿಯಿತು! ಅದೇ ಯುದ್ಧದ ವಿಷಯವಾಗಿ ೨೦೦೮ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಸಾರ್ವಜನಿಕರನ್ನು ಕರೆದು, ಅವರ ಮನೆಗಳಲ್ಲಿದ್ದ ಕಾಗದ, ದಿನಚರಿ, ಭಾವಚಿತ್ರಗಳ ಡಿಜಿಟಲ್ ಪ್ರತಿಗಳನ್ನು ಸಂಗ್ರಹಿಸಿತು. ಕೆಲವೇ ತಿಂಗಳುಗಳಲ್ಲಿ ೬,೦೦೦ಕ್ಕೂ ಹೆಚ್ಚು ವಸ್ತುಗಳು ಬಂದುವು. ಅಟ್ಟದ ಮೇಲಿದ್ದುದು ಸರ್ವರ ಚರಿತ್ರೆಯಾಯಿತು.

ಹೀಗೆಂದು ಯಂತ್ರವನ್ನೇ ನಂಬಿ ಮೂಲವನ್ನು ಎಸೆಯುವುದು ಅವಿವೇಕ. ಇಂಗ್ಲೆಂಡಿನ ದೊರೆ ಒಂದನೆಯ ವಿಲಿಯಮನು ೧೦೮೬ರಲ್ಲಿ ತನ್ನ ದೇಶದ ಭೂಮಿಕಾಣಿಗಳ ಲೆಕ್ಕವನ್ನು ಚರ್ಮಪತ್ರದ ಮೇಲೆ ಬರೆಯಿಸಿದನು. ಅದರ ಒಂಬೈನೂರನೆಯ ವರ್ಷದ ನೆನಪಿಗಾಗಿ ೧೯೮೬ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಜನಜೀವನದ ಹೊಸ ಲೆಕ್ಕವನ್ನು ಲೇಸರ್ ತಟ್ಟೆಗಳಲ್ಲಿ ಶೇಖರಿಸಿತು. ಹದಿನೈದೇ ವರ್ಷಗಳಲ್ಲಿ ಆ ತಟ್ಟೆಗಳನ್ನು ಓದತಕ್ಕ ಯಂತ್ರಗಳೇ ದುರ್ಲಭವಾದುವು. ವಿದ್ವಾಂಸರು ಬಹಳ ಶ್ರಮಪಟ್ಟು ೨೦೦೨ರಲ್ಲಿ ಅದನ್ನು ಉದ್ಧರಿಸಬೇಕಾಯಿತು. ಚರ್ಮಪತ್ರದ ಗ್ರಂಥವನ್ನಾದರೋ ಈಗಲೂ ಕಣ್ಣಿನಿಂದ ಓದಬಹುದು. ಓಲೆಗರಿಯನ್ನು ಹಿಂದಿನವರು ತಲೆಮಾರಿಗೊಮ್ಮೆ ಪ್ರತಿಮಾಡಿದಂತೆ, ಡಿಜಿಟಲ್ ಕಡತವನ್ನೂ ಕಾಲಕಾಲಕ್ಕೆ ಹೊಸ ಸಾಧನಕ್ಕೆ ಪ್ರತಿಮಾಡುತ್ತಲೇ ಇರಬೇಕು. ಒಂದೇ ಕಡೆ ಇಡದೆ ಎರಡುಮೂರು ಸ್ಥಳಗಳಲ್ಲಿಡಬೇಕು.

ಗೆದ್ದಲು, ಇಲಿ, ಮಳೆಗಾಲದ ತೇವಗಳು ಯಾರನ್ನೂ ಕಾಯುವುದಿಲ್ಲ. ಹಳೆಯ ಕಬ್ಬಿಣದ ಮಸಿಯು ತಾನು ನಿಂತ ಕಾಗದವನ್ನೇ ತಿನ್ನುತ್ತದೆ. ಹರಿದುದಕ್ಕೆ ಹಚ್ಚುವ ಅಂಟುಪಟ್ಟಿಯು ಮತ್ತಷ್ಟು ಕೆಡಿಸುತ್ತದೆ. ಆದುದರಿಂದ ಕಾಗದಗಳನ್ನು ತಂತಿಯಿಂದ ಬಿಡಿಸಿ, ಒಣಗಿದ ಸ್ಥಳದಲ್ಲಿಟ್ಟು, ಎರಡು ಬದಿಗಳನ್ನೂ ಪ್ರತಿಮಾಡಿ, ಬರೆದವರಾರು, ಯಾರಿಗೆ, ಎಲ್ಲಿಂದ, ಯಾವಾಗ ಎಂಬ ನಾಲ್ಕು ಸಂಗತಿಗಳನ್ನು ಜೊತೆಗೆ ಬರೆಯುವುದು ಅವಶ್ಯಕ. ಬದುಕಿರುವವರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಬಯಲುಮಾಡಲಾಗದು. ಅಂಥವನ್ನು ಮುಚ್ಚಿಟ್ಟು ಕಾಲವನ್ನು ನಿರೀಕ್ಷಿಸಬಹುದು, ಸುಡಬೇಕಾದುದಿಲ್ಲ.

ಇವೆಲ್ಲಕ್ಕಿಂತ ಮೊದಲು ಮಾಡತಕ್ಕ ಕೆಲಸವೊಂದುಂಟು. ಕಾಗದದಲ್ಲಿ ಬರುವ ‘ದೊಡ್ಡಮ್ಮ’ ಯಾರು, ‘ಆ ವಿಷಯ’ವೆಂದರೆ ಯಾವುದು ಎಂಬುದನ್ನು ಯಾವ ಯಂತ್ರವೂ ತಿಳಿಸಲಾರದು. ಬಲ್ಲವರು ಮನೆಯ ಹಿರಿಯರು. ಮಸಿಯು ಮಾಸಿದ ಅಕ್ಷರವನ್ನು ಒಂದು ವೇಳೆ ಮುಂದೆಯೂ ಓದಬಹುದು; ಅವರನ್ನು ಕೇಳುವ ಕಾಲವು ಕಳೆದುಹೋದರೆ ಮರಳಿ ಬಾರದು.