ಹಾಜರಿ ಪುಸ್ತಕದಾಚೆಗಿನ ಹುಡುಗಿಯರು

ಹೆಣ್ಣುಮಕ್ಕಳ ಶಿಕ್ಷಣದ ಚರಿತ್ರೆ ಬರೆಯುವವರು ದಾಖಲಾತಿಯ ಅಂಕಿಯಿಂದ ಶುರುಮಾಡಿ ಅದರಲ್ಲೇ ಮುಗಿಸುವುದು ರೂಢಿ. ಅದಕ್ಕೆ ಕಾರಣವೂ ಇದೆ. 1848ರಲ್ಲಿ ಪುಣೆಯ ಭಿಡೆವಾಡದಲ್ಲಿ ಫುಲೆ ದಂಪತಿ ಹುಡುಗಿಯರಿಗೆ ಶಾಲೆ ತೆರೆದಾಗಲೂ 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿ ಶಾಲೆ ಆರಂಭವಾದಾಗಲೂ ಮಗಳು ಹೊಸ್ತಿಲು ದಾಟುವುದೇ ದೊಡ್ಡ ಸಂಗತಿಯಾಗಿತ್ತು. ಒಳಗೆ ಬಂದು ಕೂತವಳಿಗೆ ಅದು ತನ್ನ ತರಗತಿ ಅನಿಸುತ್ತದೆಯೇ ಎಂದು ಯಾರಾದರೂ ಗಂಭೀರವಾಗಿ ಕೇಳುವ ಹೊತ್ತಿಗೆ ನೂರು ವರ್ಷವೇ ಕಳೆದಿತ್ತು.

ಸ್ವಾತಂತ್ರ್ಯದ ನಂತರ ಚರ್ಚೆ ಪಠ್ಯದ ಕಡೆ ಹೊರಳಿತು. ಮಹಿಳಾ ಶಿಕ್ಷಣ ಕುರಿತ ದುರ್ಗಾಬಾಯಿ ದೇಶಮುಖ್ ಸಮಿತಿ 1959ರಲ್ಲಿ ವರದಿ ಕೊಟ್ಟಿತು. ಹುಡುಗಿಯರಿಗೆ ಬೇರೆಯದೇ ಪಾಠಕ್ರಮ ಬೇಕೆ ಎಂಬುದನ್ನು ಪರಿಶೀಲಿಸಲು ಹಂಸಾ ಮೆಹ್ತಾ ಸಮಿತಿ ಬಂತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಮಹಿಳಾ ಸಮಾನತೆಗೆ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟಿತು. ಅದರ ಬೆನ್ನಿಗೇ ಬಂದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಪ್ರತಿ ಶಾಲೆಗೂ ಕನಿಷ್ಠ ಇಬ್ಬರು ಶಿಕ್ಷಕರು ಇರಬೇಕು, ಅವರಲ್ಲಿ ಸಾಧ್ಯವಾದಷ್ಟೂ ಒಬ್ಬರು ಮಹಿಳೆಯಾಗಿರಬೇಕು, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ ಬೇಕು ಎಂದಿತು.

ಆ ಶೌಚಾಲಯದ ದಾರಿಯಲ್ಲೇ ನಾವು ಬಹುದೂರ ನಡೆದಿದ್ದೇವೆ. ಕಸ್ತೂರಬಾ ಗಾಂಧಿ ವಸತಿ ಶಾಲೆಗಳಾದವು, ಕರ್ನಾಟಕದಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಬಂತು, ‘ಶುಚಿ’ ಯೋಜನೆಯಲ್ಲಿ ಸ್ಯಾನಿಟರಿ ಪ್ಯಾಡ್ ಬಂದವು. ಇವೆಲ್ಲ ಸಣ್ಣ ಮಾತಲ್ಲ. ಬಿಹಾರದ ಸೈಕಲ್ ಯೋಜನೆಯಿಂದ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ತೋರಿಸಿದ್ದಾರೆ. ಆದರೆ ಸೈಕಲ್ ಶಾಲೆಯ ಗೇಟಿನವರೆಗೆ ತಾನೆ.

ಗೇಟಿನ ಒಳಗೆ ನೋಡುವ ಕಣ್ಣು ಮೊದಲು ಚುರುಕಾದದ್ದು ಅಮೆರಿಕ, ಬ್ರಿಟನ್‌ಗಳಲ್ಲಿ. ಮನೋವಿಜ್ಞಾನಿ ಕ್ಯಾರಲ್ ಗಿಲಿಗನ್ 1982ರಲ್ಲಿ, ತಮ್ಮ ಶಾಸ್ತ್ರವು ಹುಡುಗರನ್ನು ಅಳತೆಗೋಲಾಗಿ ಇಟ್ಟುಕೊಂಡು ಹುಡುಗಿಯರನ್ನು ಅಳೆಯುತ್ತಿದೆ ಎಂದು ವಾದಿಸಿದರು. ಸಂಶೋಧಕ ದಂಪತಿ ಮೈರಾ ಮತ್ತು ಡೇವಿಡ್ ಸ್ಯಾಡ್ಕರ್ ವರ್ಷಗಟ್ಟಲೆ ತರಗತಿಗಳಲ್ಲಿ ಕೂತು ಗಮನಿಸಿದ್ದನ್ನು 1994ರಲ್ಲಿ ಪುಸ್ತಕವಾಗಿಸಿದರು: ಹುಡುಗ ಕೂಗಿ ಉತ್ತರ ಹೇಳಿದರೆ ಶಿಕ್ಷಕರು ಕೇಳಿಸಿಕೊಳ್ಳುತ್ತಾರೆ, ಹುಡುಗಿ ಹಾಗೆ ಮಾಡಿದರೆ ಕೈಯೆತ್ತಿ ಮಾತಾಡು ಅನ್ನುತ್ತಾರೆ. ಬೇಕೆಂದು ಮಾಡುವ ಭೇದವಲ್ಲ ಅದು. ಒಳ್ಳೆಯ ಶಿಕ್ಷಕರೂ ಅರಿವಿಲ್ಲದೆ ಮಾಡುತ್ತಿದ್ದರು. ಈ ನಡುವೆ 1993ರಲ್ಲಿ ಕ್ಯಾರಲ್ ಗುಡ್‌ನೌ, ‘ಈ ಶಾಲೆಗೆ ನಾನು ಸೇರಿದವಳು’ ಎಂಬ ಭಾವವನ್ನೇ 18 ಹೇಳಿಕೆಗಳ ಪ್ರಶ್ನಾವಳಿಯಿಂದ ಅಳೆಯುವ ವಿಧಾನ ರೂಪಿಸಿದರು.

ನಮ್ಮ ತರಗತಿಗಳನ್ನು ನೋಡಿದವರಿಗೆ ಸ್ಯಾಡ್ಕರ್ ದಂಪತಿ ಹೇಳಿದ್ದು ಹೊಸದೆನಿಸದು. ಗುಡಿಸಿ ರಂಗೋಲಿ ಹಾಕುವುದು ಹುಡುಗಿಯರ ಪಾಲು, ಗಂಟೆ ಬಾರಿಸುವುದು ಹುಡುಗರ ಪಾಲು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಹೊತ್ತಿಗೆ ಇಲ್ಲೂ ಇದು ಚರ್ಚೆಯ ವಸ್ತುವಾಗಿತ್ತು. ಅನಂತರದ ಸಾಕ್ಷ್ಯಗಳು ಒಂದೇ ದಿಕ್ಕಿಗೆ ಕೈ ತೋರಿಸುವುದಿಲ್ಲ ಅನ್ನುವುದೇ ಕುತೂಹಲದ ಸಂಗತಿ. ಆಂಧ್ರದ ಸರ್ಕಾರಿ ಶಾಲೆಗಳಲ್ಲಿ ಶಿಕ್ಷಕಿಯರು ಕಲಿಸಿದಾಗ ಹುಡುಗಿಯರ ಕಲಿಕೆ ಸ್ವಲ್ಪ ಹೆಚ್ಚಿತು. ಹರಿಯಾಣದ 314 ಶಾಲೆಗಳನ್ನು ಆಯ್ದು ನಡೆಸಿದ ಪ್ರಯೋಗದಲ್ಲಿ ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಎರಡೂವರೆ ವರ್ಷ ಲಿಂಗಸಮಾನತೆಯ ಚರ್ಚೆ ನಡೆಸಿದರು. ಹುಡುಗರ ಧೋರಣೆ ಬದಲಾಯಿತು, ಮನೆಗೆಲಸಕ್ಕೂ ಕೈ ಹಾಕಿದರು. ಇತ್ತ ವಿಜಯಪುರ, ಬಾಗಲಕೋಟೆಯ ಹಳ್ಳಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರಿಗಾಗಿ ನಡೆದ ‘ಸಮತಾ’ ಕಾರ್ಯಕ್ರಮ ಹುಡುಗಿಯರು, ಮನೆಯವರು, ಹುಡುಗರು, ಶಿಕ್ಷಕರು ಎಲ್ಲರನ್ನೂ ಮುಟ್ಟಿತು. ಆದರೆ ಪ್ರೌಢಶಾಲೆ ಮುಗಿಸುವುದರಲ್ಲಿ ಒಟ್ಟಾರೆ ಅಂತರ ತರಲಿಲ್ಲ. ಇಂಥ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದಕ್ಕೆ ಆ ಸಂಶೋಧಕರನ್ನು ಮೆಚ್ಚಬೇಕು.

ಬಾಗಿಲಿನ ಪ್ರಶ್ನೆ ಮುಗಿಯಿತು ಅಂದುಕೊಳ್ಳುವಂತೆಯೂ ಇಲ್ಲ. ಹಿಜಾಬ್ ಧರಿಸಿದ ಹುಡುಗಿಯರನ್ನು ತರಗತಿಯಿಂದ ಹೊರಗಿಟ್ಟ 2022ರ ವಿವಾದ ಅದನ್ನು ಕರ್ನಾಟಕದ ಕಾಲೇಜುಗಳ ಮುಂದೆ ಮತ್ತೆ ತಂದು ನಿಲ್ಲಿಸಿತು.

ನನ್ನ ಮಟ್ಟಿಗೆ ಹೆಚ್ಚು ಭರವಸೆ ಹುಟ್ಟಿಸುವುದು ಹುಡುಗಿಯರಿಗೆಂದೇ ರೂಪಿಸದ ಒಂದು ಪ್ರಯೋಗ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು, ಕಾರ್ಡು ಹಿಡಿದು, ತಮ್ಮ ವೇಗದಲ್ಲಿ ಕಲಿಯುತ್ತಾರೆ. ಕೈಯೆತ್ತುವ ಪೈಪೋಟಿ ಅಲ್ಲಿಲ್ಲ. ಸಂಕೋಚದ ಹುಡುಗಿಯೂ ಗುಂಪಿನೊಳಗೆ ಮಾತಾಡಲೇಬೇಕು. ಆದರೆ ನಲಿಕಲಿ ಮೂರನೇ ತರಗತಿಗೇ ನಿಲ್ಲುತ್ತದೆ. ಮುಟ್ಟು, ಮದುವೆಯ ಮಾತು, ಗಣಿತದ ಭಯ ಒಟ್ಟೊಟ್ಟಿಗೆ ಬರುವ ಎಂಟನೇ ತರಗತಿಯಲ್ಲಿ ಅವಳು ಕೂರುವುದು ಸಾಲು ಬೆಂಚಿನ ಮೇಲೆ, ಹುಡುಗಿಯರ ಬದಿಯಲ್ಲಿ.